ಮುಂಡಗೋಡದ ಪಂಡಿತರು ಮತ್ತು ಒಂದು ತಾತ್ಕಾಲಿಕ ಕಾಗದ

ದಾಂಡೇಲಿಯ ನನ್ನ ಗೆಳೆಯನೊಬ್ಬ ಅಮೆರಿಕದಲ್ಲಿ ಪೋಸ್ಟ್‌ಡಾಕ್ ಮಾಡುತ್ತಿದ್ದಾನೆ. ಪೋಸ್ಟ್‌ಡಾಕ್ ಅಂದರೇನು ಅಂತ ಅವನ ಮನೆಯವರಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಪಿಎಚ್‌ಡಿ ಮುಗಿದ ಮೇಲೆ, ಕಾಯಂ ನೌಕರಿ ಸಿಗುವ ಮುಂಚೆ, ಬೇರೊಬ್ಬ ಪ್ರೊಫೆಸರರ ಲ್ಯಾಬಿನಲ್ಲಿ ಎರಡೋ ಮೂರೋ ವರ್ಷ ಸಂಶೋಧನೆ ಮಾಡುವುದು. ಓದು ಮುಗಿದಿದೆ, ನೌಕರಿ ಶುರುವಾಗಿಲ್ಲ ಅನ್ನುವ ನಡುಮನೆ ಅದು. ಫೋನಿನಲ್ಲಿ ಸಿಕ್ಕಾಗೆಲ್ಲ ಅವನು ಸಂಶೋಧನೆಗಿಂತ ಜಾಸ್ತಿ ಮಾತಾಡುವುದು ವೀಸಾ ಬಗ್ಗೆ. ಜೆ-1 ವೀಸಾದಲ್ಲಿ ಸಂಶೋಧಕರಿಗೆ ಹೆಚ್ಚೆಂದರೆ ಐದು ವರ್ಷ. ಕೆಲವರಿಗೆ ಅದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇದ್ದು ಬರಬೇಕೆಂಬ ಷರತ್ತು ಬೇರೆ. ವಿಶ್ವವಿದ್ಯಾಲಯ ಎಚ್-1ಬಿ ಕೊಡಿಸಿದರೆ ನಮ್ಮಂಥ ಸಾಫ್ಟ್‌ವೇರಿನವರ ಹಾಗೆ ಲಾಟರಿಗೆ ಬೀಳಬೇಕಿಲ್ಲ, ಅದೊಂದು ಅನುಕೂಲ. ಆಮೇಲೆ ಗ್ರೀನ್ ಕಾರ್ಡು. ಅದಕ್ಕೆ 'ಅಸಾಧಾರಣ ಪ್ರತಿಭೆ' ಎಂದೋ 'ಶ್ರೇಷ್ಠ ಸಂಶೋಧಕ' ಎಂದೋ 'ದೇಶಹಿತಕ್ಕೆ ಬೇಕಾದವ' ಎಂದೋ ಅರ್ಜಿ ಹಾಕಬಹುದು. ಆದರೆ ಒಂದೊಂದು ದೇಶಕ್ಕೆ ಶೇಕಡಾ 7ರ ಮಿತಿ ಇರುವುದರಿಂದ ಭಾರತದಲ್ಲಿ ಹುಟ್ಟಿದವರ ಸಾಲು ಮಾತ್ರ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನ ದೀಪಾವಳಿ ಸಾಲಿಗಿಂತ ಉದ್ದ.

ಇದನ್ನೆಲ್ಲ ಕೇಳಿ ಕೇಳಿ ನನಗೆ ಒಂದು ಉಲ್ಟಾ ಪ್ರಶ್ನೆ ಹುಟ್ಟಿತು. ನಾವು ಹೋಗುವುದಿರಲಿ, ಹೊರಗಿನ ವಿದ್ವಾಂಸರು ನಮ್ಮಲ್ಲಿಗೆ ಬಂದರೆ? ವರ್ಷಗಟ್ಟಲೆ ಇಲ್ಲೇ ಓದಿ, ಇಲ್ಲೇ ಕಲಿಸಿ, ಇಲ್ಲೇ ಮುದುಕರಾದರೆ ಅವರಿಗೆ ನಾವು ಏನು ಕಾಗದ ಕೊಡುತ್ತೇವೆ? ಉತ್ತರ ಹುಡುಕಲು ದೆಹಲಿಗೆ ಹೋಗಬೇಕಿರಲಿಲ್ಲ. ನಮ್ಮ ಹಳಿಯಾಳದಿಂದ ಕಲಘಟಗಿ, ತಡಸ ದಾಟಿದರೆ ಮುಂಡಗೋಡ. ಅಲ್ಲಿ ಅರವತ್ತು ವರ್ಷದಿಂದ ಅಂಥ ಒಂದು ಊರೇ ಇದೆ.

ನಮ್ಮ ಕಡೆಯವರಿಗೆ ಅದು 'ಟಿಬೆಟಿಯನ್ ಕ್ಯಾಂಪ್'. ಭಾನುವಾರ ಬೈಕ್ ಹತ್ತಿ ಹೋಗಿ ದೇವಸ್ಥಾನ ನೋಡಿ ಮೊಮೊ ತಿಂದು ಬರುವ ಜಾಗ. ಚಳಿಗಾಲದಲ್ಲಿ ಹುಬ್ಬಳ್ಳಿಯಲ್ಲಿ ಸ್ವೆಟರ್ ಮಾರುವವರ ಊರು. ಅದು ಬಹಳ ದೊಡ್ಡ ವಿದ್ಯಾಪೀಠವೂ ಹೌದು ಅನ್ನುವುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ ಕಾಣೆ.

ಸ್ವಲ್ಪ ಇತಿಹಾಸ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು, ಅವರ ಹಿಂದೆ ಸಾವಿರಾರು ಜನ ಬಂದರು. ಜನಸಾಮಾನ್ಯರು ಹಿಮಾಲಯದ ರಸ್ತೆ ಕೆಲಸಕ್ಕೆ ಹೋದರು. ಓದುತ್ತಿದ್ದ ಭಿಕ್ಷುಗಳಲ್ಲಿ ಸುಮಾರು ಒಂದೂವರೆ ಸಾವಿರ ಜನರನ್ನು ಬಂಗಾಳದ ಬಕ್ಸಾ ದುವಾರ್ ಎಂಬಲ್ಲಿ ಇಟ್ಟರು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಸೆರೆಮನೆ ಅದು. ಟಿಬೆಟಿನ ಒಣ ಚಳಿಯಲ್ಲಿ ಬೆಳೆದವರಿಗೆ ಅಲ್ಲಿಯ ಮಳೆ, ಸೆಕೆ ಆಗಿಬರಲಿಲ್ಲ. ಕ್ಷಯ ಹಬ್ಬಿತು, ಬಹಳ ಜನ ಸತ್ತರು. ಆದರೂ ಹತ್ತು ವರ್ಷ ಆ ಜೈಲಿನ ಅಂಗಳದಲ್ಲಿ ಪಾಠ ನಿಲ್ಲಲಿಲ್ಲ.

ಇತ್ತ ಜವಾಹರಲಾಲ್ ನೆಹರೂ ರಾಜ್ಯಗಳಿಗೆ ಜಾಗ ಕೊಡಿ ಎಂದು ಕೇಳಿದಾಗ ಹೆಚ್ಚು ಕೊಟ್ಟದ್ದು ಆಗಿನ ಮೈಸೂರು ರಾಜ್ಯ. 1960ರಲ್ಲಿ ಬೈಲಕುಪ್ಪೆ. 1966ರಲ್ಲಿ, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, ಮುಂಡಗೋಡದ ಕಾಡಿನಲ್ಲಿ ಸುಮಾರು ನಾಲ್ಕು ಸಾವಿರ ಎಕರೆ. ಆ ವಸಾಹತಿಗೆ ಅವರಿಟ್ಟ ಹೆಸರು ಡೋಗುಲಿಂಗ್. 1969ರಿಂದಾಚೆಗೆ ಬಕ್ಸಾದಲ್ಲಿ ಉಳಿದಿದ್ದ ಭಿಕ್ಷುಗಳನ್ನು ದಕ್ಷಿಣಕ್ಕೆ ಕಳಿಸಿದರು. ಸೆರಾ ಮಠದವರು ಬೈಲಕುಪ್ಪೆಗೆ ಹೋದರು. ಗಾಂದೆನ್ ಮತ್ತು ಡ್ರೆಪುಂಗ್ ಮಠದವರು ಮುಂಡಗೋಡಕ್ಕೆ ಬಂದರು. ಗಾಂದೆನ್ ಇರುವುದು ಲಾಮಾ ಕ್ಯಾಂಪ್ ನಂಬರ್ 1ರಲ್ಲಿ, ಡ್ರೆಪುಂಗ್ ಇರುವುದು ನಂಬರ್ 2ರಲ್ಲಿ. ಲಾಸಾ ಸುತ್ತಮುತ್ತ ಗಾಂದೆನ್ ಹುಟ್ಟಿದ್ದು 1409ರಲ್ಲಿ, ಡ್ರೆಪುಂಗ್ 1416ರಲ್ಲಿ. ವಿಜಯನಗರದಲ್ಲಿ ದೇವರಾಯನ ಕಾಲ ಅದು. ಅಷ್ಟು ಹಳೆಯ ವಿದ್ಯಾಲಯಗಳು ಕೆಲವು ನೂರು ಜನರಾಗಿ ಉಳಿದು, ನಮ್ಮ ಮುಂಡಗೋಡದ ಡೇರೆಗಳಲ್ಲಿ ಮತ್ತೆ ಶುರುವಾದವು. ಹಗಲು ಕಾಡು ಕಡಿದು ಗೋವಿನಜೋಳ ಬಿತ್ತುವುದು, ಸಂಜೆ ತರ್ಕಶಾಸ್ತ್ರ. ಭಿಕ್ಷುಗಳು ನೇಗಿಲು ಹಿಡಿದದ್ದು ಅವರ ಇತಿಹಾಸದಲ್ಲಿ ಅಪರೂಪದ ಸಂಗತಿಯೇ ಇರಬೇಕು.

ಅವರು ಓದುವುದೇನು ಅಂತ ನೋಡಿದರೆ ಇನ್ನೂ ಮಜಾ ಇದೆ. ಪಠ್ಯದಲ್ಲಿ ಐದು ಮುಖ್ಯ ವಿಷಯ. ಪ್ರಮಾಣಶಾಸ್ತ್ರಕ್ಕೆ ಧರ್ಮಕೀರ್ತಿ, ಮಾಧ್ಯಮಿಕಕ್ಕೆ ಚಂದ್ರಕೀರ್ತಿ, ಅಭಿಧರ್ಮಕ್ಕೆ ವಸುಬಂಧು, ವಿನಯಕ್ಕೆ ಗುಣಪ್ರಭ, ಜೊತೆಗೆ ಪ್ರಜ್ಞಾಪಾರಮಿತೆ. ಎಲ್ಲ ನಮ್ಮ ಕಡೆಯವರೇ, ನಾಲಂದಾದ ಪರಂಪರೆ! ಇಲ್ಲಿಂದ ಹಿಮಾಲಯ ಹತ್ತಿ ಹೋದ ಸಿಲಬಸ್ಸು ಸಾವಿರ ವರ್ಷದ ಮೇಲೆ ಕೆಳಗಿಳಿದು ಬಂದಿದೆ. ಈ ಐದನ್ನೂ ಕಂಠಪಾಠ ಮಾಡಿ, ಅಂಗಳದಲ್ಲಿ ಚಪ್ಪಾಳೆ ತಟ್ಟಿ ಕಾಲು ಅಪ್ಪಳಿಸಿ ವಾದ ಮಾಡಿ ಮುಗಿಸಲು ಹದಿನೈದು ಇಪ್ಪತ್ತು ವರ್ಷ ಬೇಕು. ಅದರ ಮೇಲೆ ಆರು ವರ್ಷದ ಪರೀಕ್ಷೆಗಳ ಸರಣಿ ದಾಟಿದವನು 'ಗೆಶೆ ಲ್ಹಾರಂಪಾ'. ಅದಾದ ಮೇಲೂ ತಾಂತ್ರಿಕ ವಿದ್ಯಾಲಯದಲ್ಲಿ ಇನ್ನಷ್ಟು ಕಾಲ ಓದುವುದುಂಟು. ನಮ್ಮ ಲೆಕ್ಕದಲ್ಲಿ ಅದೇ ಪೋಸ್ಟ್‌ಡಾಕ್ ಅಲ್ಲವೇ? ನನ್ನ ಗೆಳೆಯನಿಗೆ ಇದನ್ನು ಹೇಳಿದೆ. "ಇಪ್ಪತ್ತಾರು ವರ್ಷಾ? ನನಗ ಆರಕ್ಕ ಸಾಕಾತಲೇ ದೋಸ್ತ" ಅಂದ.

ಇನ್ನು ಕಾಗದದ ಕಥೆ.

1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಹೀಗಾಗಿ ನಮ್ಮ ಕಾನೂನಿನಲ್ಲಿ 'ನಿರಾಶ್ರಿತ' ಎಂಬ ವರ್ಗವೇ ಇಲ್ಲ. ಒಬ್ಬ ಮನುಷ್ಯ ನಾಗರಿಕ, ಇಲ್ಲವೇ ವಿದೇಶಿ. ಟಿಬೆಟಿಯನ್ನರನ್ನು ವಿದೇಶಿಯರೆಂದೇ ಲೆಕ್ಕ ಹಾಕಿ 'ರಿಜಿಸ್ಟ್ರೇಶನ್ ಸರ್ಟಿಫಿಕೇಟ್' ಕೊಟ್ಟರು. ಎಲ್ಲರ ಬಾಯಲ್ಲೂ ಅದು ಆರ್‌ಸಿ. (ನಮಗೆ ಆರ್‌ಸಿ ಅಂದರೆ ಗಾಡಿಯದು. ಮನುಷ್ಯರಿಗೂ ಆರ್‌ಸಿ ಇದೆ ಅಂತ ನಾನು ಮೊದಲು ಕೇಳಿದ್ದು ಕಾಲೇಜಿನಲ್ಲಿ.) ಮೊದಮೊದಲು ಅದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕಿತ್ತು. ಈಗೀಗ ಬಹಳ ಜನರಿಗೆ ಐದು ವರ್ಷಕ್ಕೊಮ್ಮೆ ಮಾಡಿದ್ದಾರೆ. ವಿದೇಶಕ್ಕೆ ಹೋಗಬೇಕೆಂದರೆ ಪಾಸ್‌ಪೋರ್ಟಿನ ಬದಲು ಹಳದಿ ಬಣ್ಣದ 'ಐಡೆಂಟಿಟಿ ಸರ್ಟಿಫಿಕೇಟ್' ಬೇಕು. ಹೊರಡುವ ಮುಂಚೆ ಹೊರಹೋಗಲು ಒಂದು ಪರ್ಮಿಟ್, ವಾಪಸ್ ಬರಲು ಅಡ್ಡಿಯಿಲ್ಲ ಎಂಬ ಇನ್ನೊಂದು ಮುದ್ರೆ. ಹುಟ್ಟಿದ ಊರಿಗೆ ವಾಪಸ್ ಬರಲು ಅಡ್ಡಿಯಿಲ್ಲ ಅಂತ ಮುದ್ರೆ!

ನಾನು ಕೋಡ್ ಬರೆದು ಹೊಟ್ಟೆ ಹೊರೆಯುವವನು. ನಮ್ಮಲ್ಲಿ ಒಂದು ಮಾತಿದೆ, ತಾತ್ಕಾಲಿಕ ಅಂತ ಕಾಮೆಂಟ್ ಹಾಕಿ ಬರೆದ ಸಾಲುಗಳೇ ಎಲ್ಲಕ್ಕಿಂತ ಜಾಸ್ತಿ ಬಾಳುತ್ತವೆ ಅಂತ. 1959ರಲ್ಲಿ, ಇವರು ಇನ್ನೇನು ನಾಲ್ಕೈದು ವರ್ಷದಲ್ಲಿ ವಾಪಸ್ ಹೋಗುತ್ತಾರೆ ಅನ್ನುವ ಅಂದಾಜಿನಲ್ಲಿ ಹಾಕಿದ ತೇಪೆ ಅದು. ಅದರ ಮೇಲೇ ಮೂರು ತಲೆಮಾರು ನಡೆದಿದೆ. ತೇಪೆ ಹಾಕಿದವರ ಮನಸ್ಸು ಕೆಟ್ಟದ್ದಾಗಿರಲಿಲ್ಲ. ಜಾಗ ಕೊಟ್ಟರು, ಶಾಲೆ ಕೊಟ್ಟರು, ಮಠ ಕಟ್ಟಲು ಬಿಟ್ಟರು, ಯಾರನ್ನೂ ಗಡಿಯಾಚೆ ದಬ್ಬಲಿಲ್ಲ. ಜಗತ್ತಿನ ಬೇರೆ ಕಡೆ ಶಿಬಿರಗಳಲ್ಲಿ ಕೊಳೆಯುತ್ತಿರುವವರ ಸ್ಥಿತಿ ನೋಡಿದರೆ ಇದು ದೊಡ್ಡ ಮಾತೇ. ಆದರೆ ಆತಿಥ್ಯಕ್ಕೂ ಹಕ್ಕಿಗೂ ನಡುವೆ ಒಂದು ಮೆಟ್ಟಿಲು ಇಡುವುದು ಮಾತ್ರ ಬಿಟ್ಟುಹೋಯಿತು. ಗೆಳೆಯನ ಗ್ರೀನ್ ಕಾರ್ಡಿನಂಥ, ನೀನು ನಾಗರಿಕನಲ್ಲ ಆದರೆ ಇಲ್ಲಿ ಕಾಯಂ ಇರಬಹುದು ಅನ್ನುವ ಕಾಗದ ವಿದ್ವಾಂಸರಿಗೆ ಅಂತ ನಮ್ಮಲ್ಲಿ ಇಲ್ಲ. 2016ರಲ್ಲಿ ಕೇಂದ್ರ ಸರ್ಕಾರ ವಿದೇಶಿಯರಿಗೆ ಕಾಯಂ ವಾಸದ ಯೋಜನೆಯೊಂದನ್ನು ಒಪ್ಪಿತು. ಆದರೆ ಅದು ಹದಿನೆಂಟು ತಿಂಗಳಲ್ಲಿ 10 ಕೋಟಿ ಅಥವಾ ಮೂರು ವರ್ಷದಲ್ಲಿ 25 ಕೋಟಿ ಹೂಡುವವರಿಗೆ. ಧರ್ಮಕೀರ್ತಿಯನ್ನು ಬಾಯಿಪಾಠ ಮಾಡಿದವರಿಗಲ್ಲ.

ಹಾಗಾದರೆ ಪೂರ್ತಿ ನಾಗರಿಕತ್ವ? 1955ರ ಪೌರತ್ವ ಕಾಯ್ದೆಯನ್ನು ಒಂದು ಶನಿವಾರ ಕೂತು ಓದಿದೆ. ಸಹಜೀಕರಣದ ದಾರಿಯಲ್ಲಿ ಹೋಗುವವನು ಅರ್ಜಿಗೆ ಮುಂಚಿನ ಹನ್ನೆರಡು ತಿಂಗಳು ಪೂರ್ತಿ, ಅದಕ್ಕೂ ಹಿಂದಿನ ಹದಿನಾಲ್ಕು ವರ್ಷಗಳಲ್ಲಿ ಒಟ್ಟು ಹನ್ನೊಂದು ವರ್ಷ ಇಲ್ಲಿರಬೇಕು. ಸಂವಿಧಾನದ ಎಂಟನೇ ಪರಿಚ್ಛೇದದ ಒಂದು ಭಾಷೆ ಸಾಕಷ್ಟು ಗೊತ್ತಿರಬೇಕು. ಅಂದರೆ ಕನ್ನಡ ಬಂದರೂ ಸಾಕು. ಅಷ್ಟೇ ಅಲ್ಲ, ವಿಜ್ಞಾನ, ತತ್ತ್ವಶಾಸ್ತ್ರ, ಕಲೆ, ಸಾಹಿತ್ಯ, ವಿಶ್ವಶಾಂತಿ ಅಥವಾ ಮಾನವ ಪ್ರಗತಿಗೆ ವಿಶಿಷ್ಟ ಸೇವೆ ಸಲ್ಲಿಸಿದವರಿಗೆ ಈ ಷರತ್ತುಗಳನ್ನು ಕೇಂದ್ರ ಸರ್ಕಾರ ಮನ್ನಾ ಮಾಡಬಹುದು ಎಂದು 6ನೇ ಕಲಮಿನಲ್ಲಿ ಬರೆದಿದೆ. ತತ್ತ್ವಶಾಸ್ತ್ರ! ಕಾಯ್ದೆ ಬರೆದವರು ಮುಂಡಗೋಡವನ್ನು ಕಣ್ಣಮುಂದೆ ಇಟ್ಟುಕೊಂಡೇ ಬರೆದರೇನೋ ಅನ್ನಿಸುತ್ತದೆ, ಆಗಿನ್ನೂ ಆ ವಸಾಹತು ಹುಟ್ಟಿರದಿದ್ದರೂ. ಜೆ.ಬಿ.ಎಸ್. ಹಾಲ್ಡೇನ್‌ರಂಥ ವಿಜ್ಞಾನಿ ಇಂಗ್ಲೆಂಡ್ ಬಿಟ್ಟು ಬಂದು ಭಾರತದ ನಾಗರಿಕರಾದದ್ದುಂಟು. ಟಿಬೆಟಿಯನ್ ಪಂಡಿತರಿಗೆ ಮಾತ್ರ ಈ ಬಾಗಿಲು ತೆರೆದದ್ದು ಕಾಣುವುದಿಲ್ಲ. 2019ರ ತಿದ್ದುಪಡಿಯಲ್ಲಿ ಬೌದ್ಧರ ಹೆಸರೂ ಇದೆ. ಆದರೆ ಅದು ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ ಬಂದವರಿಗೆ. ಟಿಬೆಟ್ ಆ ಪಟ್ಟಿಯಲ್ಲಿಲ್ಲ.

ಬಾಗಿಲು ತೆರೆದದ್ದು ಇನ್ನೊಂದು ಕಡೆಯಿಂದ, ಹುಟ್ಟಿನ ಕಡೆಯಿಂದ. ಅದೇ ಕಾಯ್ದೆಯ 3ನೇ ಕಲಮಿನ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು, ತಂದೆ ತಾಯಿ ಯಾರೇ ಇರಲಿ, ಹುಟ್ಟಿನಿಂದಲೇ ನಾಗರಿಕರು. ಇಷ್ಟು ಸ್ಪಷ್ಟವಾಗಿದ್ದರೂ ಟಿಬೆಟಿಯನ್ನರ ವಿಷಯದಲ್ಲಿ ಅದನ್ನು ಯಾರೂ ಅನ್ವಯಿಸಿರಲಿಲ್ಲ. 1986ರಲ್ಲಿ ಕಾಂಗಡಾದಲ್ಲಿ ಹುಟ್ಟಿದ ನಮ್‌ಗ್ಯಾಲ್ ಡೋಲ್ಕರ್ ಪಾಸ್‌ಪೋರ್ಟಿಗಾಗಿ ದೆಹಲಿ ಹೈಕೋರ್ಟಿಗೆ ಹೋಗಿ 2010ರ ಡಿಸೆಂಬರಿನಲ್ಲಿ ಗೆದ್ದರು. ಮುಂದಿನ ದೊಡ್ಡ ಹೆಜ್ಜೆ ನಮ್ಮ ಮುಂಡಗೋಡದ್ದು. ಲಿಂಗ್ ರಿಂಪೊಚೆ 1985ರಲ್ಲಿ ಭಾರತದಲ್ಲೇ ಹುಟ್ಟಿದವರು. ದಲೈ ಲಾಮಾರ ಹಿರಿಯ ಗುರುವಾಗಿದ್ದವರ ಪುನರ್ಜನ್ಮ ಎಂದು ಗುರುತಿಸಲ್ಪಟ್ಟು, ಎಳೆಯ ವಯಸ್ಸಿನಲ್ಲೇ ಡ್ರೆಪುಂಗ್ ಸೇರಿ ಓದಿದವರು. ಅವರು ಕರ್ನಾಟಕ ಹೈಕೋರ್ಟಿಗೆ ಹೋದರು, 2013ರ ಆಗಸ್ಟ್‌ನಲ್ಲಿ ಕೋರ್ಟು ದೆಹಲಿ ತೀರ್ಪಿನ ದಾರಿಯಲ್ಲೇ ನಡೆದು ಅವರ ಪರವಾಗಿ ಹೇಳಿತು. ಒಬ್ಬ ಲಾಮಾ, ಅದೂ ಪುನರ್ಜನ್ಮದ ಲಾಮಾ, ತನ್ನ ಈ ಜನ್ಮದ ಹುಟ್ಟಿದ ತಾರೀಖನ್ನು ಇಟ್ಟುಕೊಂಡು ಕೋರ್ಟಿನಲ್ಲಿ ನಿಂತದ್ದು ನನಗಂತೂ ಬಹಳ ಇಷ್ಟವಾದ ಸಂಗತಿ. 2014ರಲ್ಲಿ ಚುನಾವಣಾ ಆಯೋಗ ಆ ಅವಧಿಯಲ್ಲಿ ಹುಟ್ಟಿದ ಟಿಬೆಟಿಯನ್ನರನ್ನು ಮತದಾರರ ಪಟ್ಟಿಗೆ ಸೇರಿಸಿ ಎಂದಿತು. 2016ರಲ್ಲಿ ದೆಹಲಿ ಹೈಕೋರ್ಟಿನಿಂದ ಇನ್ನೊಂದು ತೀರ್ಪು ಬಂತು. 2017ರಲ್ಲಿ ಪಾಸ್‌ಪೋರ್ಟ್ ಕೊಡಲು ಸರ್ಕಾರ ಒಪ್ಪಿತು. ಆದರೆ ಆರ್‌ಸಿ ಒಪ್ಪಿಸಬೇಕು, ವಸಾಹತಿನಲ್ಲಿ ಇರಬಾರದು ಎಂಬಂಥ ಷರತ್ತು ಹಾಕಿತು. ಆ ಷರತ್ತುಗಳೂ ಮತ್ತೆ ಕೋರ್ಟಿಗೆ ಹೋದವು.

1987ರ ಜುಲೈ 1. ಆ ತಾರೀಖಿನ ಆಚೆ ಹುಟ್ಟಿದವರ ಕಥೆ ಬೇರೆ. ಅವರಿಗೆ ತಂದೆ ಅಥವಾ ತಾಯಿ ನಾಗರಿಕರಾಗಿರಬೇಕು. 2004ರ ಡಿಸೆಂಬರ್ ನಂತರ ಹುಟ್ಟಿದವರಿಗೆ ನಿಯಮ ಇನ್ನೂ ಬಿಗಿ. ಒಂದೇ ಮನೆಯಲ್ಲಿ ಅಣ್ಣ 1986ರಲ್ಲಿ ಹುಟ್ಟಿ ಭಾರತೀಯ, ತಮ್ಮ 1988ರಲ್ಲಿ ಹುಟ್ಟಿ ವಿದೇಶಿ ಆಗುವುದು ಸಾಧ್ಯ.

ಎಂಜಿನಿಯರಿಂಗ್‌ನಲ್ಲಿ ನನ್ನ ಕ್ಲಾಸಿನಲ್ಲಿ ಮುಂಡಗೋಡದ ಹುಡುಗನೊಬ್ಬನಿದ್ದ. ಹುಟ್ಟಿದ್ದು ಮುಂಡಗೋಡದಲ್ಲಿ, ತಾರೀಖಿನ ಹತ್ತು ವರ್ಷ ಆಚೆ. ಕನ್ನಡ ನಮ್ಮಷ್ಟೇ ಚೆನ್ನಾಗಿ, ಅದೂ ನಮ್ಮ ಕಡೆಯ ಕನ್ನಡ, ಮಾತಾಡುತ್ತಿದ್ದ. ಕೊನೆಯ ವರ್ಷ ಕ್ಯಾಂಪಸ್ಸಿಗೆ ಬಂದ ಕಂಪನಿಯೊಂದರಲ್ಲಿ ಅವನೂ ಆಯ್ಕೆಯಾದ. ಆಮೇಲೆ ಆನ್‌ಲೈನ್ ಫಾರ್ಮು ಬಂತು. ರಾಷ್ಟ್ರೀಯತೆ ಅನ್ನುವ ಡ್ರಾಪ್‌ಡೌನ್‌ನಲ್ಲಿ ಭಾರತೀಯ ಅಂತ ಹಾಕಿದರೆ ಪಾಸ್‌ಪೋರ್ಟ್ ನಂಬರ್ ಕೇಳುತ್ತದೆ, ವಿದೇಶಿ ಅಂತ ಹಾಕಿದರೆ ವೀಸಾ ನಂಬರ್ ಕೇಳುತ್ತದೆ. ಅವನ ಬಳಿ ಎರಡೂ ಇಲ್ಲ. ಎಚ್‌ಆರ್‌ಗೆ ಮೇಲ್ ಬರೆದ, ಆರ್‌ಸಿ ಸ್ಕ್ಯಾನ್ ಮಾಡಿ ಕಳಿಸಿದ. ಅವರು ಅದೇನು ಅಂತ ವಿಚಾರಿಸುವಷ್ಟರಲ್ಲಿ ಬ್ಯಾಚು ಸೇರಿ ಆಗಿತ್ತು. ಅವನು ಬಹಳ ದಿನ ಬೇಜಾರು ಮಾಡಿಕೊಳ್ಳಲಿಲ್ಲ. ಎಂಟೆಕ್ ಮಾಡಿದ, ಪಿಎಚ್‌ಡಿಗೆ ಸೇರಿದ, ಈಗ ಮುಗಿಸುವ ಹಂತದಲ್ಲಿದ್ದಾನೆ. ಹೊರದೇಶದಲ್ಲಿ ಪೋಸ್ಟ್‌ಡಾಕ್ ಹುಡುಕುತ್ತಿದ್ದಾನೆ.

ಅಂದ ಹಾಗೆ, ಮುಂಡಗೋಡದಲ್ಲಿ ಓದಿ ಆ ದಾರಿಯಲ್ಲಿ ಹೋದವರಲ್ಲಿ ಅವನು ಮೊದಲಿಗನೇನಲ್ಲ. ತುಪ್ತೆನ್ ಜಿನ್‌ಪಾ 1958ರಲ್ಲಿ ಟಿಬೆಟಿನಲ್ಲಿ ಹುಟ್ಟಿ, ಕೂಸಾಗಿದ್ದಾಗ ಭಾರತಕ್ಕೆ ಬಂದವರು. ಗಾಂದೆನ್ ಶಾರ್ತ್ಸೆಯಲ್ಲಿ ಓದಿ ಗೆಶೆ ಪದವಿ ಪಡೆದರು. ಕೇಂಬ್ರಿಜ್‌ಗೆ ಹೋಗಿ ಮೊದಲಿನಿಂದ ಬಿಎ ಶುರುಮಾಡಿ, ಆಮೇಲೆ ಪಿಎಚ್‌ಡಿ ಮಾಡಿದರು. 1996ರಿಂದ 1999ರವರೆಗೆ ಅಲ್ಲಿಯ ಗರ್ಟನ್ ಕಾಲೇಜಿನಲ್ಲಿ ರಿಸರ್ಚ್ ಫೆಲೋ ಆಗಿದ್ದರು, ಅಂದರೆ ಅಪ್ಪಟ ಪೋಸ್ಟ್‌ಡಾಕ್. ದಶಕಗಳಿಂದ ದಲೈ ಲಾಮಾರ ಇಂಗ್ಲಿಷ್ ಅನುವಾದಕರು ಅವರೇ. ನೆಲೆಸಿದ್ದು ಮಾತ್ರ ಕೆನಡಾದ ಮಾಂಟ್ರಿಯಲ್‌ನಲ್ಲಿ. ಇಪ್ಪತ್ತಾರು ವರ್ಷದ ಓದಿಗೆ ನೆಲ, ನೀರು, ಅನ್ನ ಕೊಟ್ಟದ್ದು ನಾವು. ಓದು ಮುಗಿಸಿದ ಮನುಷ್ಯನಿಗೆ ನೆಲೆ ಕೊಟ್ಟದ್ದು ಇನ್ನೊಂದು ದೇಶ. ಅಮೆರಿಕವೂ 1990ರ ವಲಸೆ ಕಾಯ್ದೆಯಲ್ಲಿ ಭಾರತ, ನೇಪಾಳದಲ್ಲಿದ್ದ ಟಿಬೆಟಿಯನ್ನರಿಗೆಂದೇ ಒಂದು ಸಾವಿರ ಕಾಯಂ ವೀಸಾ ತೆಗೆದಿಟ್ಟಿತ್ತು.

ಹೊರಗಿನಿಂದ ಒಳಗೆ ಬರುವವರ ಪಾಡೂ ಸುಲಭವಿಲ್ಲ. ಸ್ವಿಟ್ಜರ್ಲೆಂಡಿನ ಜಾರ್ಜ್ ಡ್ರೇಫಸ್ ಭಾರತದ ಟಿಬೆಟಿಯನ್ ವಿದ್ಯಾಲಯಗಳಲ್ಲಿ ಹದಿನೈದು ವರ್ಷ ಓದಿ 1985ರಲ್ಲಿ ಗೆಶೆ ಆದರು. ಪಶ್ಚಿಮದವರಲ್ಲಿ ಅವರೇ ಮೊದಲು. ಆಮೇಲೆ ಅವರೂ ಅಮೆರಿಕದಲ್ಲಿ ಪ್ರೊಫೆಸರ್. ಇವತ್ತು ವಿದೇಶಿ ಸಂಶೋಧಕ ನಮ್ಮಲ್ಲಿಗೆ ಬಂದರೆ ರಿಸರ್ಚ್ ವೀಸಾ ಬೇಕು. 180 ದಿನಕ್ಕಿಂತ ಹೆಚ್ಚಿದ್ದರೆ ನೋಂದಣಿ ಆಗಬೇಕು, ನಮ್ಮ ಜಿಲ್ಲೆಯಲ್ಲಾದರೆ ಆ ಕೆಲಸ ಕಾರವಾರದ ಎಸ್‌ಪಿ ಕಚೇರಿಯದು. ಮುಂಡಗೋಡದ ಕ್ಯಾಂಪಿನಲ್ಲಿ ರಾತ್ರಿ ತಂಗಲು ಗೃಹ ಇಲಾಖೆಯ ಪಿಎಪಿ ಎಂಬ ಪ್ರತ್ಯೇಕ ಪರವಾನಗಿ ಬೇರೆ. 2013ರ ಜನವರಿಯಲ್ಲಿ ಡ್ರೆಪುಂಗ್‌ನಲ್ಲಿ ಆರು ದಿನ ವಿಜ್ಞಾನಿಗಳೂ ಭಿಕ್ಷುಗಳೂ ಕೂತು ಮೆದುಳು, ಪ್ರಜ್ಞೆ, ಕ್ವಾಂಟಂ ಬಗ್ಗೆ ಚರ್ಚಿಸಿದರು. ಕ್ರಿಸ್ಟಾಫ್ ಕೋಖ್‌ರಂಥ ನರವಿಜ್ಞಾನಿಗಳು ಮುಂಡಗೋಡಕ್ಕೆ ಬಂದಿದ್ದರು! ಪಕ್ಕದ ಹಳಿಯಾಳದಲ್ಲಿ ಹೈಸ್ಕೂಲು ಓದುತ್ತಿದ್ದ ನಮಗೆ ಸುದ್ದಿಯೇ ಇರಲಿಲ್ಲ. 2016ರ ಡಿಸೆಂಬರಿನಲ್ಲಿ ಇಪ್ಪತ್ತು ಭಿಕ್ಷುಣಿಯರಿಗೆ 'ಗೆಶೆಮಾ' ಪದವಿ ಕೊಟ್ಟದ್ದೂ ಇದೇ ಡ್ರೆಪುಂಗ್‌ನಲ್ಲಿ. ಟಿಬೆಟಿಯನ್ನರ ಇತಿಹಾಸದಲ್ಲಿ ಹೆಂಗಸರು ಹಾಗೆ ಒಟ್ಟಾಗಿ ಆ ಪದವಿ ಪಡೆದದ್ದು ಅದೇ ಮೊದಲು.

ಇಷ್ಟು ಓದಿದವರು, ಎಲ್ಲರಿಗೂ ಪಾಸ್‌ಪೋರ್ಟ್ ಕೊಟ್ಟುಬಿಟ್ಟರೆ ಮುಗಿಯಿತಲ್ಲ ಅನ್ನಬಹುದು. ಅಲ್ಲೊಂದು ಗಂಟಿದೆ. ಕ್ಯಾಂಪಿನ ಹಿರಿಯರಲ್ಲಿ ಹಲವರಿಗೆ ಭಾರತದ ನಾಗರಿಕತ್ವ ಬೇಡವೇ ಬೇಡ. ಆರ್‌ಸಿ ಇರುವಷ್ಟು ದಿನ ನಾವು ಟಿಬೆಟಿನವರು, ವಾಪಸ್ ಹೋಗುವವರು ಎಂಬ ಮಾತಿಗೆ ಅರ್ಥವಿದೆ ಅನ್ನುವುದು ಅವರ ನಿಲುವು. ಗೆಳೆಯನ ಅಜ್ಜ ಕೊನೆಯವರೆಗೂ ಹಾಗೇ ಇದ್ದರಂತೆ. ಕೇಳಿದ್ದೇನೆ, ಅದನ್ನು ಹುಚ್ಚು ಅನ್ನಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ನಾಗರಿಕತ್ವಕ್ಕಿಂತ ಆ ನಡುವಿನ ಮೆಟ್ಟಿಲು, ಕಾಯಂ ವಾಸದ ಕಾಗದ, ಇವರಿಗೆ ಸರಿಹೊಂದುತ್ತಿತ್ತು ಅನ್ನಿಸುವುದು. ಟಿಬೆಟನ್ನೂ ಬಿಡಬೇಕಿಲ್ಲ, ಪ್ರತಿ ಸಲ ಸ್ಟೇಶನ್ನಿಗೂ ಹೋಗಬೇಕಿಲ್ಲ. 2014ರ ಟಿಬೆಟಿಯನ್ ಪುನರ್ವಸತಿ ನೀತಿ ಇಪ್ಪತ್ತು ವರ್ಷದ ಭೂಮಿ ಗುತ್ತಿಗೆಯವರೆಗೆ ಬಂತು, ಅಲ್ಲಿಗೆ ನಿಂತಿತು. 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದು ಬ್ರಿಟಿಷರ ಕಾಲದ ಹಳೆಯ ಕಾಯ್ದೆಗಳು ಹೋದವು. ನೋಂದಾಯಿತ ಟಿಬೆಟಿಯನ್ನರಿಗೆ ಅದರಲ್ಲಿ ವಿನಾಯಿತಿ ಇದೆ. ವಿನಾಯಿತಿ ಅಂದರೆ ಮತ್ತೆ ತೇಪೆಯೇ.

ನಮ್ಮ ನಾಲ್ಕು ತಾಲೂಕುಗಳಿಗೆ ಹೊರಗಿನಿಂದ ಬಂದವರು ಹೊಸಬರೇನಲ್ಲ. ಹಳಿಯಾಳ, ಜೋಯಿಡಾದ ಕಾಡುಗಳಲ್ಲಿರುವ ಸಿದ್ದಿಯರ ಹಿರಿಯರು ಆಫ್ರಿಕಾದಿಂದ ಬಂದವರು, ಅದೂ ಬಹುಪಾಲು ಗುಲಾಮರಾಗಿ. ಯಾವ ವೀಸಾ, ಯಾವ ಆರ್‌ಸಿ? ಇಂದು ಅವರು ಕನ್ನಡ, ಕೊಂಕಣಿ ಮಾತಾಡುವ ನಮ್ಮೂರವರು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದರು. ಅವರಿಗೆ ನ್ಯಾಯ ಸಿಕ್ಕಿಬಿಟ್ಟಿದೆ ಅಂತ ನಾನು ಹೇಳುತ್ತಿಲ್ಲ. ಆದರೆ ನೀನು ಯಾವ ದೇಶದವ ಎಂದು ಕಾಗದ ಕೇಳುವವರು ಅವರಿಗಿಲ್ಲ. ಕಾಗದ ಹುಟ್ಟುವ ಮುಂಚೆಯೇ ಅವರು ಬಂದಾಗಿತ್ತು.

ಮುಂಡಗೋಡದ ಗೆಳೆಯ ಮೊನ್ನೆ ಫೋನ್ ಮಾಡಿದ್ದ. ಅಮೆರಿಕದ ಲ್ಯಾಬೊಂದು ಅವನ ಬಗ್ಗೆ ಆಸಕ್ತಿ ತೋರಿಸಿದೆಯಂತೆ, ಹಳದಿ ಪುಸ್ತಕದ ಅರ್ಜಿ ಹಾಕಿ ಕಾಯುತ್ತಿದ್ದಾನೆ. ದಾಂಡೇಲಿಯವನ ನಂಬರ್ ಕೊಟ್ಟೆ, ಇಬ್ಬರೂ ಬಹಳ ಹೊತ್ತು ಮಾತಾಡಿದರಂತೆ. ಗ್ರೀನ್ ಕಾರ್ಡಿನ ಸಾಲಿನಲ್ಲಿ ಅಮೆರಿಕ ನೋಡುವುದು ಯಾವ ದೇಶದ ಪಾಸ್‌ಪೋರ್ಟ್ ಅನ್ನುವುದನ್ನಲ್ಲ, ಹುಟ್ಟಿದ ದೇಶವನ್ನು. ಹಾಗಾಗಿ ಮುಂದೆಂದಾದರೂ ಅರ್ಜಿ ಹಾಕಿದರೆ ಇವನು ನಿಲ್ಲಬೇಕಾದದ್ದೂ ಭಾರತದವರ ಉದ್ದ ಸಾಲಿನಲ್ಲೇ, ದಾಂಡೇಲಿಯವನ ಹಿಂದೆ. "ಅಲ್ಲೀತನಕಾ ಹೋದರ ನಾ ಇಂಡಿಯಾದಾಂವ ಅಕ್ಕೀನಿ ನೋಡಲೇ" ಅಂತ ನಕ್ಕ. ಅವನ ಆರ್‌ಸಿ ನವೀಕರಣ ಮುಂದಿನ ವರ್ಷ ಇದೆ.